ಸುಣ್ಣದ ತಗ್ಗಿನ್ಯಾಗಿನ ಪ್ಯಾಟಿ

ಬಾಣಂತಿ ನಲವತ್ತು ದಿವಸ ಹೊಸ್ತಿಲ ದಾಟಬಾರದು ಅನ್ನೋದು ನಮ್ಮ ಮನಿತನದಾಗ ಯಾರೂ ಬರದಿಟ್ಟ ಕಾಯದೆ ಅಲ್ಲ, ಆದ್ರ ಅದನ್ನ ಮುರದವರೂ ಇಲ್ಲ. ನನ್ನ ಎರಡೂ ಬಾಣಂತನ ಧಾರವಾಡದಾಗ, ತವರುಮನಿ ಒಳಖೋಲ್ಯಾಗ ಆದ್ವು. ಕಿಡಕಿ ಮುಚ್ಚಿ, ಕಿವ್ಯಾಗ ಹತ್ತಿ ಇಟ್ಟು, ತಲಿಗೆ ಬಟ್ಟಿ ಕಟ್ಟಿ, ಹೊರಸಿನ ಕೆಳಗ ಕೆಂಡದ ಅಗ್ಗಿಷ್ಟಿಗಿ. ನಮ್ಮವ್ವ ದಿನಾ ಎಣ್ಣಿ ಹಚ್ಚಿ ಎರೀತಿದ್ಲು. ಮುಂಜಾನೆ ಅಂಟಿನುಂಡಿ, ಸಂಜಿಕ ಅಳ್ವಿ ಪಾಯಸ. ಓಣ್ಯಾಗಿನ ಮಂದಿ ಬರ್ತಿದ್ರು, ಕೂಸಿನ ನೋಡ್ತಿದ್ರು, ಒಂದ್ ತಾಸು ಕೂತು ಊರ ಸುದ್ದಿ ಹೇಳಿ ಹೋಗ್ತಿದ್ರು. ನಾ ಹೊರಗ ಹೋಗದಿದ್ರೂ ಹೊರಗಿನದೆಲ್ಲಾ ನನ್ನ ಕಡೆನ ಬರ್ತಿತ್ತು.

ಈ ಸಲ ಮಗಳ ಬಾಣಂತನಕ್ಕ ಇಂಗ್ಲಂಡಿಗೆ ಹೋಗಿದ್ದೆ. ಡಾರ್ಟ್‌ಫರ್ಡ್ ಅಂತ ಊರು, ಲಂಡನ್ನಿನ ಪೂರ್ವಕ್ಕ, ಕೆಂಟ್ ಅನ್ನೋ ಸೀಮ್ಯಾಗ. ಅಂಟು, ಅಳ್ವಿ, ಒಣಕೊಬ್ರಿ, ಬಜಿ, ಆರು ಕುಂಚಿಗಿ, ನಮ್ಮ ವೈನಿ ಹೊಲದು ಕೊಟ್ಟ ಸಣ್ಣ ಕೌದಿ ಎಲ್ಲಾ ಕಟಗೊಂಡು ಹೋದೆ. ಮಗಳಿಗೆ ಸಿಸೇರಿಯನ್ ಆತು. ಮೂರನೇ ದಿವಸ ಮನಿಗೆ ಕಳಿಸಿಬಿಟ್ರು. ಅಳಿಯಂದ್ರಿಗೆ ಎರಡು ವಾರ ರಜಾ ಇತ್ತು, ಅದು ಮುಗದ ಮ್ಯಾಲೆ ಅವರು ಮುಂಜಾನೆ ರೈಲು ಹಿಡದು ಲಂಡನ್ನಿಗೆ ಹೋದ್ರ ತಿರುಗಿ ಬರೋದು ಕತ್ತಲಾದ ಮ್ಯಾಲೆ. ಫೆಬ್ರುವರಿ ತಿಂಗಳು ಬ್ಯಾರೆ, ಸಂಜಿ ಐದಕ್ಕ ದೀಪ ಹಚ್ಚಬೇಕು. ಮನ್ಯಾಗ ನಾನು, ಮಗಳು, ಕೂಸು. ಬಾಜೂ ಮನಿಯವರು ಯಾರಂತ ಮಗಳಿಗೂ ಗೊತ್ತಿಲ್ಲ. ಬಾಗಲಾ ಬಡದವರು ಅಂದ್ರ ಪಾರ್ಸೆಲ್ ತರೋ ಹುಡುಗ ಒಬ್ಬನ.

ನನ್ನ ಎಣ್ಣಿ-ನೀರು, ನನ್ನ ಉಂಡಿ, ನನ್ನ ಪಾಯಸ ಎಲ್ಲಾ ಸುರಳೀತ ನಡದಿತ್ತು. ಆದ್ರ ಮಗಳು ಅಳಲಿಕ್ಕೆ ಶುರು ಮಾಡಿದ್ಲು. ಕೂಸು ಅತ್ರ ಅಳೋದು, ಕೂಸು ಮಲಗಿದ್ರ ಅಳೋದು. ಒಮ್ಮೆ ಬಟಾಣಿ ಸುಲಕೋತ ಕೂತಾಕಿ ಹಂಗ ಕಣ್ಣೀರು ಸುರಿಸಲಿಕತ್ಲು. ಯಾಕವಾ ಅಂದ್ರ, "ಏನಿಲ್ಲ ಅಮ್ಮಾ" ಅಂದ್ಲು. ಅಲ್ಲೆ ಹೆಲ್ತ್ ವಿಸಿಟರ್ ಅಂತ ಒಬ್ಬಾಕಿ ನರ್ಸಬಾಯಿ ಮನಿಗೇ ಬರ್ತಾಳ. ಕೂಸಿನ ತೂಕಾ ನೋಡಿ ಒಂದು ಕೆಂಪು ಪುಸ್ತಕದಾಗ ಬರದ್ಲು. ಆಮ್ಯಾಲೆ ಕೂಸಿನ ಬಿಟ್ಟು ಮಗಳನ್ನ ಕೇಳಲಿಕ್ಕೆ ಕೂತ್ಲು, ನಿದ್ದಿ ಹೆಂಗ, ಮನಸ್ಸು ಹೆಂಗ, ಯಾವುದರಾಗರೆ ಖುಷಿ ಅನಸ್ತದೇನು ಅಂತ. ನಂದು ಪಿಯುಸಿ ತನಕದ ಇಂಗ್ಲಿಷು, ಪೂರಾ ತಿಳೀಲಿಲ್ಲ, ಮಗಳ ಮಾರಿ ನೋಡೇ ತಿಳಕೊಂಡೆ. ನನ್ನ ಎರಡು ಬಾಣಂತನದಾಗ ಈ ಪ್ರಶ್ನಾ ನನಗ ಒಬ್ಬರೂ ಕೇಳಿದ್ದಿಲ್ಲ, ಕೇಳಿದ್ರ ಏನು ಹೇಳ್ತಿದ್ದೆನೋ. ಆಕಿ ಹೋಗೋವಾಗ, ದಿನಾ ಒಂದಿಷ್ಟು ಹೊರಗ ಅಡ್ಡಾಡು, ಮನಸ್ಸು ಹಗುರಾಗಲಿಲ್ಲ ಅಂದ್ರ ಡಾಕ್ಟರ್ ಮುಂದ ಹೇಳು ಅಂತ ಹೇಳಿ ಹೋದ್ಲು.

ಅವತ್ತ ರಾತ್ರಿ ಮಗಳು ಅಂದ್ಲು, "ಅಮ್ಮಾ, ರವಿವಾರ ಬ್ಲೂವಾಟರಿಗೆ ಹೋಗಿ ಬರೋಣು. ಅಲ್ಲೆ ಒಳಗ ಬೆಚ್ಚಗ ಇರ್ತದ, ಮಳಿ ಇಲ್ಲಾ, ಗಾಳಿ ಇಲ್ಲಾ. ಸುಮ್ನ ಅಡ್ಡಾಡಿ ಬರೋದು." ಇಪ್ಪತ್ತಾರನೇ ದಿವಸ ಅದು. ಊರಿಂದ ವೈನಿ ವಿಡಿಯೋ ಕಾಲಿನ್ಯಾಗ ಇದ್ರು. "ಹಸೀ ಮೈ, ಮ್ಯಾಲೆ ಹೊಟ್ಟಿ ಕೊಯ್ಸಿಕೊಂಡಾಳ, ಥಂಡಿ ದೇಶ, ಏನ ಪ್ಯಾಟಿ ತಿರುಗೋದು ನಡಸೀರಿ" ಅಂದ್ರು. ಬೀಗ್ತಿನೂ ಅದನ್ನ ಮೆತ್ತಗ ಹೇಳಿದ್ರು. ಅವರು ಹೇಳಿದ್ದು ಸುಳ್ಳಲ್ಲ. ಆದ್ರ ನಾ ಎರಡು ರಾತ್ರಿ ವಿಚಾರ ಮಾಡಿದೆ. ನಲವತ್ತು ದಿವಸ ಒಳಗ ಇಡೋದು ಯಾತಕ್ಕ? ಬಾಣಂತಿಗೆ ಆರಾಮ ಸಿಗಲಿ, ಮಂದಿ ಸುತ್ತ ಇದ್ದು ನೋಡಿಕೊಳ್ಳಲಿ ಅಂತ. ಇಲ್ಲೆ ಆರಾಮನೂ ಇಲ್ಲ, ಮಂದಿನೂ ಇಲ್ಲ, ಬರೇ ಮುಚ್ಚಿದ ಖೋಲಿ ಒಂದ ಉಳದದ. ಹೋಗೋಣು ಅಂದೆ. ಕಿವಿಗೆ ಹತ್ತಿ ಮಾತ್ರ ಬಿಡಲಿಲ್ಲ, ಅದರ ಮ್ಯಾಲೆ ಟೊಪಿಗಿ, ಶಾಲು. ಥರ್ಮಾಸಿನ್ಯಾಗ ಶುಂಠಿ-ಜೀರಗಿ ಕಷಾಯ.

ಬ್ಲೂವಾಟರ್ ಅಂದ್ರ ಊರ ನಡುವಿನ ಮಾಲ್ ಅಲ್ಲ. ನಮ್ಮ ಹುಬ್ಬಳ್ಳಿ ಕೊಪ್ಪಿಕರ ರೋಡಿನಾಗ ತಿರುಗಿಧಂಗ ಹಾದೀಲೆ ಹೋಗ್ತಾ ಹೊಕ್ಕು ಬರಲಿಕ್ಕೆ ಆಗೂದಿಲ್ಲ. ಊರು ಬಿಟ್ಟು ಹೊರಗ, ದೊಡ್ಡ ಹೆದ್ದಾರಿ ಹಿಡದು ಹೋಗಬೇಕು. ಕಾರು ಹೋಗ್ತಾ ಹೋಗ್ತಾ ಇಳಕಲಿಗೆ ಇಳೀತು, ಎರಡೂ ಕಡೆ ಬೆಳ್ಳನ ಗ್ವಾಡಿ ಎದ್ದು ನಿಂತ್ವು, ಹತ್ತಿಪ್ಪತ್ತು ಆಳು ಎತ್ತರ. ನಾ ಯಾವುದೋ ಕೋಟಿ ಅಂದುಕೊಂಡೆ. ಅಳಿಯಂದ್ರು, "ಅತ್ತಿ, ಇದು ಖಣಿ. ಸೀಮೆಸುಣ್ಣದ ಕಲ್ಲು ತಗದು ತಗದು ಬಿಟ್ಟ ತಗ್ಗು" ಅಂದ್ರು. ಆ ಕಡೆ ಥೇಮ್ಸ್ ನದಿ ದಂಡಿಗೆಲ್ಲಾ ಮೊದಲ ಸಿಮೆಂಟಿನ ಫ್ಯಾಕ್ಟರಿ ಇದ್ವಂತ. ನೆಲದಾಗಿನ ಈ ಬಿಳೇ ಕಲ್ಲಿಗೆ ಮಣ್ಣು ಕೂಡಿಸಿ ಸುಟ್ಟು ಸಿಮೆಂಟ ಮಾಡೋದು. ಬ್ಲೂ ಸರ್ಕಲ್ ಅನ್ನೋ ಸಿಮೆಂಟ್ ಕಂಪನಿ ಅಗದು ಖಾಲಿ ಮಾಡಿದ ಜಾಗಾದಾಗ 1999ರ ಮಾರ್ಚಿನ್ಯಾಗ ಈ ಪ್ಯಾಟಿ ತಗದ್ರು. ಐವತ್ತು ಮೀಟರ್ ಆಳದ ತಗ್ಗು, ಅದರ ತಳಕ್ಕ ಮುನ್ನೂರರ ಮ್ಯಾಲೆ ಅಂಗಡಿ, ಸಿನೆಮಾ ಥೇಟರು, ಹೋಟೆಲ್ಲು, ಸುತ್ತಲೂ ಕೆರಿ. ದಂಡಿ ಮ್ಯಾಲಿಂದ ತಂತಿಗೆ ಜೋತುಬಿದ್ದು ಜುಯ್ಯಂತ ಇಳಿಯೋ ಆಟಾನೂ ಅದ. ನಮ್ಮ ಕಡೆ ಖಣಿ ಖಾಲಿ ಆದ್ರ ಮಳಿನೀರು ನಿಂತು ಎಮ್ಮಿ ಬೀಳ್ತಾವ. ಇವರು ಅದರಾಗ ಅರವಿ ಮಾರ್ಲಿಕತ್ತಾರ. ನಮ್ಮವ್ವ ಎಲಿಗೆ ಹಚ್ಚೋ ಸುಣ್ಣದ ಡಬ್ಬಿ ನನಗ ನೆನಪಾತು ನೋಡ್ರಿ, ಎಲ್ಲಿದೆಲ್ಲಿ.

ಕಾರು ನಿಲ್ಲಸಲಿಕ್ಕೆ 13,000 ಜಾಗಾ ಅವ. ಒಂದು ಪೈಸಾ ತಗೊಳ್ಳೂದಿಲ್ಲ. ಇದು ನನಗ ಮೊದಲ ಧಾರಾಳತನ ಅನಸ್ತು. ಆಮ್ಯಾಲೆ ತಿಳೀತು. ಊರೊಳಗಿನ ಅಂಗಡಿಗೆ ಹೋದ್ರ ಗಾಡಿ ನಿಲ್ಲಸಲಿಕ್ಕೆ ತಾಸಿನ ಲೆಕ್ಕಾ ರೊಕ್ಕ ಕೊಡಬೇಕು, ಇಲ್ಲೆ ಪುಕ್ಕಟೆ. ಮಂದಿ ಎತ್ತಾಗ ಹೋಗ್ತಾರ ನೀವ ಹೇಳ್ರಿ.

ನಾವು ಹೊತ್ತಿಗೆ ಮೊದಲ ಹೋಗಿದ್ವಿ. ರವಿವಾರ ಅಲ್ಲೆ ದೊಡ್ಡ ಅಂಗಡಿ ಆರು ತಾಸಿಗಿಂತ ಹೆಚ್ಚು ತಗೀಬಾರದು ಅಂತ ಕಾಯದೆ ಅದ, ಅದಕ್ಕ ಹನ್ನೊಂದಕ್ಕ ತಗದು ಐದಕ್ಕ ಮುಚ್ಚತಾರ. ಬಾಗಲಾ ತಗಿಯೋ ತನಕ ಒಳಗ ಅಡ್ಡಾಡಿದ್ವಿ. ಕಟ್ಟಡ ಮೂರು ಮೂಲಿದ್ದು, ಮೂಲಿಗೊಂದು ದೊಡ್ಡ ಅಂಗಡಿ, ಎರಡು ಅಂತಸ್ತು. ತಲಿ ಕೆಡೋ ಅಂಥಾ ಉದ್ದ. ಆದ್ರ ಒಂದು ಹಾದಿ ಹಿಡದು ನಡದ್ರ ತಿರುಗಿ ಹೊಂಟಲ್ಲೇ ಬರ್ತೇವಿ, ಗುಡಿ ಪ್ರದಕ್ಷಿಣಿ ಹಾಕಿಧಂಗ. ಚಾವಣಿ ಮ್ಯಾಲೆ ಮುಕಳಿ ಮ್ಯಾಲಾದ ಲಾಳಿಕಿಧಂಗ ಸಾಲು ಸಾಲು ಗಾಳಿಗಿಂಡಿ ಕಾಣತಾವ. ಕೆಂಟ್ ಸೀಮ್ಯಾಗ ಬಿಯರಿಗೆ ಹಾಕೋ ಹಾಪ್ಸ್ ಅನ್ನೋ ಹೂವು ಒಣಸಲಿಕ್ಕೆ ಹಿಂಥಾ ಚೂಪು ತಲಿ ಮನಿ ಕಟ್ತಿದ್ರಂತ, ಎರಿಕ್ ಕೂನ್ ಅನ್ನೋ ಅಮೇರಿಕದ ವಾಸ್ತುಶಿಲ್ಪಿ ಅದನ್ನ ನೋಡಿ ಇದಕ್ಕ ಹಾಕಿದ್ನಂತ.

ಕೂಸಿಗೆ ನಾ ಕುಂಚಿಗಿ ಕಟ್ಟಿದ್ದೆ. ಕೆಂಪು ಖಣದ್ದು, ಅಂಚಿಗೆ ಜರಿ. ಅಳಿಯಂದ್ರು ನಗಲಿಕ್ಕೆ ಶುರು ಮಾಡಿದ್ರು. 2005ರಾಗ ಇದೇ ಬ್ಲೂವಾಟರಿನವರು, ಮಾರಿ ಮುಚ್ಚೋಹಂಗ ಹುಡ್ ಹಾಕ್ಕೊಂಡು ಒಳಗ ಬರಬಾರದು ಅಂತ ನಿಯಮ ಮಾಡಿದ್ರಂತ, ಪುಂಡ ಹುಡುಗ್ರ ಕಾಟಕ್ಕ. ಇಡೀ ದೇಶದ ಪೇಪರಿನ್ಯಾಗ ಬಂದು ಪ್ರಧಾನಮಂತ್ರಿ ತನಕ ಮಾತಾಗಿತ್ತಂತ. "ಅತ್ತಿ, ನಿಮ್ಮ ಮೊಮ್ಮಗಳನ್ನ ಹೊರಗ ಹಾಕ್ತಾರ ನೋಡ್ರಿ" ಅಂದ್ರು. ಮಗಳು ನಕ್ಕಳು. ಸಣ್ಣ ನಗಿ ಅಲ್ಲ, ಹೊಟ್ಟಿ ಹೊಲಗಿ ಹಿಡಕೊಂಡು "ನಗಸಬ್ಯಾಡ್ರಿ, ಜಗ್ಗತದ" ಅಂತ ನಕ್ಕಳು. ಹೆರಿಗಿ ಆದಾಗಿಂದ ಆಕಿ ಹಂಗ ನಕ್ಕದ್ದು ನಾ ನೋಡಿದ್ದಿಲ್ಲ.

ಕುಂಚಿಗಿದು ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೇನಿ, ಬಾಣಂತನಕ್ಕ ಆ ದೇಶಕ್ಕ ಹೋಗೋರಿಗೆ ಉಪಯೋಗ ಆದೀತು. ಮನಿ ಒಳಗ ಮಲಗಿಸೋವಾಗ ಕೂಸಿನ ತಲಿಗೆ ಏನೂ ಹಾಕಬಾರದು ಅಂತ ಅಲ್ಲಿ ನರ್ಸಗಳು ಖಡಾಖಂಡಿತ ಹೇಳತಾರ. ತಲಿ ಮುಚ್ಚಿದ್ರ ಮೈ ಕಾವು ಹೆಚ್ಚಾಗಿ ಕೂಸಿಗೆ ಧೋಕಾ ಅಂತ. ಹೊರಗ ಥಂಡಿಯೊಳಗ ಹಾಕ್ರಿ, ಒಳಗ ಬಂದ ಕೂಡಲೆ ತಗೀರಿ ಅಂತಾರ. ನಾ ಹಂಗ ಮಾಡಿದೆ. ಆರು ಕುಂಚಿಗಿಯೊಳಗ ಎರಡ ಸಾಕಾದ್ವು.

ಅಂಗಡಿ ಬಗ್ಗೆ ನಾ ಹೆಚ್ಚು ಬರಿಯೂದಿಲ್ಲ, ಅಂಗಡಿ ಎಲ್ಲೆ ಇದ್ರೂ ಅಂಗಡಿನ. ಒಂದು ಶಾಲಿನ ಚೀಟಿ ನೋಡಿ, ಅದನ್ನ ರೂಪಾಯಿ ಮಾಡಿ, ಮಡಚಿ ಅಲ್ಲೇ ಇಟ್ಟೆ. ಕಾಫಿ ನಾಕು ಪೌಂಡಿನ ಆಜುಬಾಜು, ಚಂಬಿನಷ್ಟು ದೊಡ್ಡ ಲೋಟಾ, ಕಹಿ. ನಾನು ನನ್ನ ಕಷಾಯ ಕುಡದೆ. ನನಗ ಪಸಂದ ಬಿದ್ದದ್ದು ಬ್ಯಾರೇನ. ಕೂಸಿಗೆ ಹಾಲು ಕುಡಿಸಲಿಕ್ಕೆ ಅಂತ ಒಂದು ಖೋಲಿ ಅದ. ಮೆತ್ತನ ಖುರ್ಚಿ, ಪಡದಾ, ಬಿಸಿನೀರು, ಅರವಿ ಬದಲಸಲಿಕ್ಕೆ ಎತ್ತರದ ಕಟ್ಟಿ. ಮಗಳು ಒಳಗ ಹೋಗಿ ಅರ್ಧಾ ತಾಸು ಬರಲಿಲ್ಲ. ನಾ ಇಣಿಕಿ ನೋಡಿದ್ರ ಇನ್ನೊಬ್ಬಾಕಿ ಬಿಳೇ ಹುಡುಗಿ ಕೂಡ ಮಾತಿಗೆ ಕೂತಿದ್ಲು. ಆಕಿದೂ ಮೂರು ವಾರದ ಕೂಸು, ಆಕಿದೂ ಸಿಸೇರಿಯನ್, ಆಕಿ ಕಣ್ಣಿನ ಕೆಳಗೂ ಕರೀ ವರ್ತುಲ. ಆಕಿಗೆ ಬಾಣಂತನ ಮಾಡ್ಲಿಕ್ಕೆ ಅವ್ವನೂ ಬಂದಿದ್ದಿಲ್ಲ. ಖೋಲಿಗೆ ಹೋಗಲೇಬೇಕಂತಿಲ್ಲ, ಅಲ್ಲಿ ಕಾಯದೆ ಪ್ರಕಾರ ತಾಯಿ ಎಲ್ಲೆ ಕೂತು ಹಾಲು ಕುಡಿಸಿದ್ರೂ ಯಾರೂ ಏಳು ಅನ್ನೋಹಂಗಿಲ್ಲ. ನಮ್ಮ ಧಾರವಾಡದ ಸುಭಾಸ ರೋಡಿನಾಗ ಮೂರು ತಾಸು ಸಾಮಾನು ತಗೊಳ್ಳೋ ಬಾಣಂತಿ ಎಲ್ಲೆ ಕೂಡಬೇಕು? ಯಾವುದರೆ ಸೀರಿ ಅಂಗಡಿ ಮೂಲಿ, ಗಾಡಿ ಮಾಲ್ಕರು ಪುಣ್ಯಾತ್ಮರಿದ್ರ.

ಮುಂದಿನ ವಾರದಿಂದ ನಾವು ಅಳಿಯಂದ್ರ ಹಾದಿ ಕಾಯಲಿಲ್ಲ. ಕಾರು ಮನಿ ಮುಂದ ನಿಂತಿರ್ತಿತ್ತು, ಆದ್ರ ಹೊಡಿಯೋರು ಯಾರು? ನಮ್ಮ ದೇಶದ ಲೈಸೆನ್ಸು ಅಲ್ಲೆ ಒಂದು ವರ್ಷ ನಡೀತದ, ಅಷ್ಟರಾಗ ಅಲ್ಲಿ ಪರೀಕ್ಷಾ ಪಾಸ್ ಆಗಬೇಕು. ಮಗಳು ಹೋಗಿ ಮೂರು ವರ್ಷ ಆಗಿತ್ತು, ಆಫೀಸು, ಬಸರು ಅಂತ ಅದು ಹಂಗ ಉಳದಿತ್ತು. ಧಾರವಾಡದಾಗ ಸ್ಕೂಟಿ ಮ್ಯಾಲೆ ಊರೆಲ್ಲಾ ತಿರುಗ್ತಿದ್ದ ಹುಡುಗಿ ಅಲ್ಲೆ ಗಂಡ ಬಂದ್ರ ಹಾಲು, ಗಂಡ ಬಂದ್ರ ಕಾಯಿಪಲ್ಯ ಅಂತ ಕೂಡೂದು. ಇದನ್ನ ನೋಡಿ ನನಗ ಹೊಟ್ಟ್ಯಾಗ ಕಲಸಿಧಂಗ ಆಗ್ತಿತ್ತು. ಊರ ಹೊರಗ ಪ್ಯಾಟಿ ಕಟ್ಟಿದವರು ಕಾರಿದ್ದವರ ಲೆಕ್ಕಾ ಹಾಕಿ ಕಟ್ಟಿರ್ತಾರ. ಕಾರು ಇದ್ದೂ ಹೊಡಿಯಲಿಕ್ಕೆ ಬರದ ಹೆಣ್ಣುಮಕ್ಕಳು ಆ ಲೆಕ್ಕದಾಗ ಬರೂದಿಲ್ಲ.

ಪುಣ್ಯಾಕ್ಕ ಬಸ್ಸದ. ಫಾಸ್ಟ್‌ಟ್ರ್ಯಾಕ್ ಅಂತ ಹೆಸರು. ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಇದ್ದಂಗ, ಎಷ್ಟೋ ಕಡೆ ಅದಕ್ಕ ಬ್ಯಾರೆ ಹಾದಿನ ಅದ. ನೆಲಕ್ಕ ಹತ್ತಿ ನಿಂದರತದ, ಕೂಸಿನ ತಳ್ಳುಗಾಡಿ ಹಂಗ ಒಳಗ ಉರುಳಿಸಬಹುದು, ಅದನ್ನ ನಿಲ್ಲಸಲಿಕ್ಕೆ ಜಾಗಾನೂ ಬಿಟ್ಟಾರ. ಡ್ರೈವರ್‌ಗೆ ಇಳಿಯೋವಾಗ ಎಲ್ಲಾರೂ ಥ್ಯಾಂಕ್ಯೂ ಅಂತಾರ. ನಾನೂ ಅಂದೆ. ವಾರಕ್ಕ ಎರಡು ಸಲ, ಹತ್ತು ಗಂಟೇದ ಬಸ್ಸಿಗೆ ಹೋಗಿ ಒಂದರೊಳಗ ವಾಪಸ್. ಏನೂ ಕೊಳ್ಳಲಿಕ್ಕೆ ಅಲ್ಲ. ಒಂದು ಸುತ್ತು ನಡಿಯೋದು, ಕೆರಿ ದಂಡಿಗೆ ಬಾತುಕೋಳಿ ನೋಡೋದು, ಖೋಲ್ಯಾಗ ಹಾಲು ಕುಡಿಸೋದು, ಬರೋದು. ಎರಡನೇ ವಾರದಾಗ ಮಗಳು, "ಅಮ್ಮಾ, ನೀ ಇಲ್ಲೇ ಕೂತಿರ್ತಿಯೇನು? ನಾ ಒಬ್ಬಾಕಿನ ಒಂದರ್ಧಾ ತಾಸು ತಿರುಗಿ ಬರ್ಲಿ?" ಅಂತ ಕೇಳಿದ್ಲು. ಕೇಳೋವಾಗ ತಪ್ಪು ಮಾಡಿಧಂಗ ನೆಲಾ ನೋಡ್ತಿದ್ಲು. ಹೋಗವಾ ಅಂದೆ. ಬರೇ ಕೈಲೆ ಹೋದ್ಲು, ಕೈಯಾಗ ಚೀಲಾ ಇಲ್ಲಾ, ಕೂಸಿಲ್ಲಾ. ಹಿಂದಿಂದ ನೋಡಿದ್ರ ಕಾಲೇಜಿಗೆ ಹೋಗ್ತಿದ್ದಾಗಿನ ನಡಿಗಿನ.

ನಾ ಬೆಂಚಿನ ಮ್ಯಾಲೆ ಕೂಸಿನ ಗಾಡಿ ಹಿಡಕೊಂಡು ಕೂತೆ. ಬಾಜೂಕ ಒಬ್ರು ಸರದಾರ್ಣಿ ಬಂದು ಕೂತ್ರು, ಎಪ್ಪತ್ತು ದಾಟಿರಬೇಕು. ನನ್ನ ಹಿಂದಿ ಹುಬ್ಬಳ್ಳಿ ಹಿಂದಿ, ಅವರದ್ದು ಪಂಜಾಬಿ ಹಿಂದಿ, ನಡದೇ ನಡೀತು. ಗ್ರೇವ್ಸೆಂಡಿನವರು, ಮದುವ್ಯಾಗಿ ಬಂದವರು, ಅಲ್ಲೇ ಮೊಮ್ಮಕ್ಕಳನ್ನ ಕಂಡವರು. ಗ್ರೇವ್ಸೆಂಡಿನ್ಯಾಗ ಸಿಖ್ಖರು ಭಾಳ, ದೊಡ್ಡ ಗುರುದ್ವಾರನೂ ಅದ. ಅವರು ಅಂದ್ರು, "ಬೇಟಿ, ಇಲ್ಲೆ ಬೆಚ್ಚಗ ಅದ ಅಂತ ಬರ್ತೇನಿ. ಬ್ಯಾಸಿಗಿಯೊಳಗ ಬರೂದಿಲ್ಲ. ಮೊದಲ ನಮ್ಮ ಊರ ಪ್ಯಾಟ್ಯಾಗ ಒಂದು ಸುತ್ತು ಹಾಕಿದ್ರ ಹತ್ತು ಮಂದಿ ಹೆಸರು ಹಿಡದು ಕರೀತಿದ್ರು. ದೊಡ್ಡ ದೊಡ್ಡ ಅಂಗಡಿ ಒಂದೊಂದ ಬಾಗಲಾ ಹಾಕಿದ್ವು. ಇಲ್ಲೆ ಇಪ್ಪತ್ತು ವರ್ಷದಿಂದ ಬರ್ಲಿಕತ್ತೇನಿ, ಯಾರಿಗೂ ನನ್ನ ಹೆಸರು ಗೊತ್ತಿಲ್ಲ."

ರಾತ್ರಿ ಅಳಿಯಂದ್ರನ್ನ ಕೇಳಿದೆ. ಊರ ಹೊರಗ ಹಿಂಥಾವು ಏಳೋದು ಹೆಚ್ಚಾಗಿ ಊರೊಳಗಿನ ಅಂಗಡಿ ಸೊರಗಲಿಕ್ಕೆ ಹತ್ತಿದ್ವು ಅಂತ ಸರಕಾರದವರು 1996ರಾಗ ಬಿಗಿ ಮಾಡಿದ್ರಂತ, ಮೊದಲ ಊರ ನಡುವ ಜಾಗಾ ಹುಡುಕ್ರಿ, ಸಿಗಲಿಲ್ಲ ಅಂದ್ರ ಹೊರಗ ಅಂತ. ಬ್ಲೂವಾಟರಿಗೆ ಅದಕ್ಕಿಂತ ಮೊದಲ ಪರವಾನಗಿ ಸಿಕ್ಕಿತ್ತು. ಹಂಗಂತ ಅದೊಂದರದ ತಪ್ಪು ಅಂತ ಹೇಳಲಿಕ್ಕೆ ಬರೂದಿಲ್ಲ, ಈಗ ಮಂದಿ ಕೂತಲ್ಲೇ ಫೋನಿನ್ಯಾಗ ತರಸಿಕೊಳ್ತಾರ. ನಮ್ಮ ಮನಿಗೂ ಹಿಂಗಾ ಪಾರ್ಸೆಲ್ ಬರ್ತಾವಲ್ಲಾ. ಆದ್ರ ನನಗ ಆ ಮುದುಕಿ ಮಾತು ಕಿವ್ಯಾಗ ಉಳೀತು. ಬಾಣಂತಿಗೆ ಬೆಚ್ಚನ್ನ ಖೋಲಿ ಕೊಟ್ಟದ್ದೂ ಖರೇ, ಹೆಸರು ಹಿಡದು ಕರಿಯೋರು ಇಲ್ಲದ್ದೂ ಖರೇ. ಎರಡೂ ಒಂದ ಜಾಗಾದಾಗ ಅವ.

ಪ್ಯಾಟಿ ತಿರುಗಿಸಿದ್ದಕ್ಕ ಮಗಳು ಗುಣ ಆದ್ಲು ಅಂತ ನಾ ಬರೀಲಿಕತ್ತಿಲ್ಲ, ಯಾರೂ ಹಂಗ ತಿಳಕೋಬ್ಯಾಡ್ರಿ. ಆರು ವಾರದ ತಪಾಸಣಿಗೆ ಹೋದಾಗ ಡಾಕ್ಟರ್ ಮುಂದ ತಾನಾಗೇ ಎಲ್ಲಾ ಹೇಳಿದ್ಲು, ಅಳು, ನಿದ್ದಿ ಇಲ್ಲದ್ದು, ಕೂಸಿನ ಎತ್ತಿಕೊಳ್ಳಲಿಕ್ಕೆ ಅಂಜಿಕಿ ಬರ್ತಿದ್ದದ್ದು. ಆ ಅಂಜಿಕಿ ಮಾತು ನನಗೂ ಅವತ್ತ ಗೊತ್ತಾದದ್ದು. ವಾರಕ್ಕೊಮ್ಮೆ ಮಾತಾಡಿ ಸಲಹಾ ಕೊಡೋರ ಕಡೆ ಕಳಿಸಿದ್ರು. ನಿಧಾನಕ್ಕ ಹಗುರಾದ್ಲು. ಆದ್ರ ಮುಚ್ಚಿದ ಖೋಲ್ಯಾಗ ಕೂತಾಕಿಗೆ ಅಷ್ಟು ಬಾಯಿ ಬಿಡಲಿಕ್ಕೆ ಧೈರ್ಯ ಬರ್ತಿದ್ದಿಲ್ಲ ಅಂತ ನನ್ನ ತಿಳುವಳಿಕಿ. ಹಾಲಿನ ಖೋಲ್ಯಾಗಿನ ಆ ಬಿಳೇ ಹುಡುಗಿ ಇದ್ಲಲ್ಲಾ, ಆಕಿನ ಮೊದಲ ಹೇಳಿದ್ದಂತ, ನಾನೂ ಡಾಕ್ಟರ್ ಕಡೆ ಹೋಗಿದ್ದೆ ಅಂತ. ವೈನಿಗೆ ಇದೆಲ್ಲಾ ಫೋನಿನ್ಯಾಗ ಹೇಳಿದಾಗ ಅವರು ಭಾಳ ಹೊತ್ತು ಸುಮ್ನಿದ್ರು. ಆಮ್ಯಾಲೆ ತಮ್ಮ ಎರಡನೇ ಬಾಣಂತನದ ಸುದ್ದಿ ತಗದ್ರು. ಮೂವತ್ತು ವರ್ಷ ಒಂದ ಮನ್ಯಾಗ ಇದ್ದವರು ನಾವು, ಆ ಸುದ್ದಿ ನನಗ ಗೊತ್ತಿದ್ದಿಲ್ಲ. ಅದು ಅವರದ್ದು, ಇಲ್ಲೆ ಬರಿಯೂದಿಲ್ಲ.

ನಾ ವಾಪಸ್ ಬರೋ ಎರಡು ವಾರ ಮೊದಲ, ಮೇ ತಿಂಗಳದಾಗ, ಮಗಳು ಕೂಸಿನ ಕರಕೊಂಡು ಒಬ್ಬಾಕಿನ ಬಸ್ಸಿಗೆ ಹೋದ್ಲು. ನಾ ಕಿಡಕ್ಯಾಗ ನಿಂತು ಗಾಡಿ ತಿರುವಿನ್ಯಾಗ ಮರೆ ಆಗೋ ತನಕ ನೋಡಿದೆ. ಒಂದಾತು, ಎರಡಾತು, ಬರಲಿಲ್ಲ. ಫೋನು ಮಾಡಬೇಕಂತ ಕೈಗೆ ತಗೊಂಡು ಎರಡು ಸಲ ಕೆಳಗಿಟ್ಟೆ. ಎರಡೂವರಿಗೆ ಬಂದ್ಲು, ಗಾಡಿ ಹಿಡಿಕಿಗೆ ಒಂದು ಚೀಲಾ ಜೋತುಬಿದ್ದಿತ್ತು.

"ಬ್ಲೂವಾಟರಿನ್ಯಾಗ ಇಳೀಲೇ ಇಲ್ಲಮ್ಮಾ. ಅದೇ ಬಸ್ಸು ಗ್ರೇವ್ಸೆಂಡ್ ತನಕ ಹೋಗತದಲ್ಲಾ, ಹೋಗಿಬಿಟ್ಟೆ. ನಿನ್ನ ಸರದಾರ್ಣಿ ಹೇಳಿದ ಸಂತಿ ಅದ ಅಲ್ಲೆ, 1268ನೇ ಇಸ್ವಿಂದ ನಡದದಂತ. ಬಾಜೂ ಓಣ್ಯಾಗ ನಮ್ಮ ಮಂದಿ ಅಂಗಡಿ ಅವ."

ಚೀಲದಾಗ ಎರಡು ಸೂಡು ಸಬ್ಬಸಗಿ, ಒಂದು ಸೂಡು ಮೆಂತೆ. ನಾ ಬಂದಾಗಿಂದ ಸಬ್ಬಸಗಿ ಸಬ್ಬಸಗಿ ಅಂತ ಜಪಾ ಮಾಡಿದ್ದೆ, ಹಾಲಿಗೆ ಛಲೋ ಅಂತ. ಸೂಡು ನಮ್ಮವುದರ ಅರ್ಧಾನೂ ಇದ್ದಿದ್ದಿಲ್ಲ. ರೊಕ್ಕ ಎಷ್ಟ ಕೊಟ್ಟಿ ಅಂತ ಕೇಳಿದೆ. "ನೀ ಕೇಳಬ್ಯಾಡ, ಬ್ಯಾಳಿ ಹಾಕಿ ಮಾಡು" ಅಂದ್ಲು.